ತಡ ಆದವರು ಯಾರು?

ಹೋದ ವರ್ಷ ನಮ್ಮ ಕಚೇರಿಯಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ಕೆಲಸದ ವೇಳೆಯನ್ನು ಹೇಗೆ ಬಳಸಬೇಕು ಅನ್ನುವುದೇ ವಿಷಯ. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಒಳ್ಳೆಯ ಮಾತುಗಾರರು. 'ಈ ಜಗತ್ತಿನಲ್ಲಿ ಎಲ್ಲರಿಗೂ ಸಮನಾಗಿ ಸಿಕ್ಕಿರುವುದು ಸಮಯ ಒಂದೇ. ಕೋಟ್ಯಧೀಶನಿಗೂ ದಿನಕ್ಕೆ 24 ತಾಸು, ನಿಮಗೂ 24 ತಾಸು' ಎಂದರು. ನಮ್ಮನ್ನು ತಡೆಯುತ್ತಿರುವುದು ಹೊರಗಿನ ಯಾವ ಶಕ್ತಿಯೂ ಅಲ್ಲವಂತೆ. 'ನನ್ನಿಂದ ಆಗುವುದಿಲ್ಲ' ಎಂದು ನಾವೇ ಮನಸ್ಸಿನೊಳಗೆ ಹಾಕಿಕೊಂಡ ಬೇಲಿಯಂತೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನಿಮ್ಮನ್ನು ಕಟ್ಟಿಹಾಕಿರುವ ನಂಬಿಕೆ ಯಾವುದು ಬರೆಯಿರಿ ಎಂದರು.

ನನ್ನ ಕೈ ಬಹಳ ಹೊತ್ತು ಹಾಗೇ ನಿಂತಿತ್ತು. ಕೊನೆಗೆ ಬರೆದೆ: 'ತಪ್ಪಾದ್ರ ಏನಂತಾರೋ.'

ಚೀಟಿಗಳಲ್ಲಿ ನಾಲ್ಕಾರು ಆರಿಸಿ ಅವರು ಗಟ್ಟಿಯಾಗಿ ಓದಿದರು. ಅದರಲ್ಲಿ ನನ್ನದೂ ಬಂತು. ಯಾರದೆಂದು ಅವರಿಗೆ ಗೊತ್ತಿರಲಿಲ್ಲ. 'ಇದು ಬರೀ ಭಯ. ಇದನ್ನು ಈ ಕೋಣೆಯಲ್ಲೇ ಬಿಟ್ಟು ಹೋಗಿ' ಎಂದು ಚೀಟಿಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸಂಜೆ ಕಲಬುರಗಿಯಲ್ಲಿ ಕಮಲಾಪುರದ ಬಸ್ಸು ಹತ್ತಿ ಕೂತಾಗ ನೋಡಿದರೆ ಭಯ ಬುಟ್ಟಿಯಲ್ಲಿ ಉಳಿದಿರಲಿಲ್ಲ. ನನಗಿಂತ ಮೊದಲೇ ಬಂದು ಕಿಟಕಿ ಪಕ್ಕದ ಸೀಟು ಹಿಡಿದು ಕೂತಿತ್ತು.

ಆ ಮನುಷ್ಯ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ನನ್ನ ವೇಳೆ ಸೋರುತ್ತಿರುವುದು ಮನಸ್ಸಿನ ತೂತಿನಿಂದಲೇ. ನನ್ನ ಪಕ್ಕದ ಮೇಜಿನ ಮೇಲ್ಜಾತಿಯ ಗೆಳೆಯ ಅರ್ಧ ತಾಸಿನಲ್ಲಿ ಮುಗಿಸುವ ಕಡತ ನನಗೆ ಎರಡು ತಾಸು ಹಿಡಿಯುತ್ತದೆ. ನಿಯಮ ಅವನಿಗಿಂತ ನನಗೇ ಚೆನ್ನಾಗಿ ಗೊತ್ತು. ತಿಳಿಯದ್ದನ್ನು ಅವನೇ ನನ್ನ ಹತ್ತಿರ ಬಂದು ಕೇಳುತ್ತಾನೆ. ಆದರೆ ನಾನು ಬರೆದದ್ದನ್ನು ಮತ್ತೆ ಓದುತ್ತೇನೆ. ಕೂಡಿಸಿದ್ದನ್ನು ಮತ್ತೆ ಕೂಡಿಸುತ್ತೇನೆ. ಯಾರಿಗಾದರೂ ತೋರಿಸಿ ಬರುತ್ತೇನೆ. ಆಮೇಲೂ 'ನಾಳೆ ಒಮ್ಮೆ ನೋಡಿ ಕಳಿಸಿದರಾಯಿತು' ಎಂದು ಮೇಜಿನ ಎಡಗಡೆ ಇಡುತ್ತೇನೆ. ಆ ಎಡಗಡೆಯ ರಾಶಿ ಬೆಳೆಯುತ್ತ ಹೋಗುತ್ತದೆ.

ಇದು ಶುರುವಾದದ್ದು ನೌಕರಿಯ ಮೊದಲ ವರ್ಷ. ಒಂದು ಪಟ್ಟಿಯ ಮೊತ್ತ ತಪ್ಪಿ ಬರೆದಿದ್ದೆ. ಯಾರೂ ಬೈಯಲಿಲ್ಲ. ಚಹಾ ಕುಡಿಯುವಲ್ಲಿ ಒಬ್ಬರು ನಗುತ್ತಲೇ ಅಂದರು: 'ಇವ್ರಿಗಿ ನೌಕ್ರಿ ಕೊಟ್ರ ಹಿಂಗೇ ಆಗ್ತದ ನೋಡ್ರಿ.' ಮುಂದಿನ ತಿಂಗಳು ಅದೇ ಪಟ್ಟಿಯಲ್ಲಿ ಅಂಥದೇ ತಪ್ಪನ್ನು ಇನ್ನೊಬ್ಬ ಮಾಡಿದ. ಆಗ ಅದೇ ಬಾಯಿ ಅಂದಿತು: 'ಪಾಪ, ಅವ್ನ ಮನ್ಯಾಗ ಆರಾಮಿಲ್ಲ.' ಅವನ ತಪ್ಪು ಅವನದು. ನನ್ನ ತಪ್ಪು ನನ್ನ ಕೇರಿಯದು, ನನ್ನ ಅಪ್ಪನದು, ಇನ್ನೂ ಹುಟ್ಟದ ನನ್ನ ಮೊಮ್ಮಗನದು. ಇಷ್ಟೊಂದು ಜನರ ಮಾನ ಒಂದು ಮೊತ್ತದ ಮೇಲೆ ಕೂತಿರುವಾಗ ಯಾರು ತಾನೆ ಒಂದೇ ಸಲ ಕೂಡಿಸಿ ಮುಂದೆ ಕಳಿಸಿಯಾರು?

ಇನ್ನೊಂದು ತೂತೂ ಇದೆ. ನನಗೆ 'ಆಗಲ್ರಿ' ಎನ್ನಲು ಬಾಯಿ ಬರುವುದಿಲ್ಲ. 'ತಮ್ಮಾ, ಇದೊಂಚೂರು ಮಾಡ್ಕೊಡು' ಎಂದು ಮೂರು ಜನ ತಂದಿಟ್ಟ ಕೆಲಸ ನನ್ನ ಮೇಜಿನ ಮೇಲೆ ಇರುತ್ತದೆ. ಇಲ್ಲ ಅಂದರೆ 'ಸೊಕ್ಕು ಬಂದದ' ಅನ್ನುತ್ತಾರೆ. ಹೂಂ ಅಂದರೆ ನನ್ನ ಕೆಲಸ ನಿಲ್ಲುತ್ತದೆ, ಆಗ 'ಬಲು ಸ್ಲೋ ಅದಾನ' ಅನ್ನುತ್ತಾರೆ.

ಕನ್ನಡದಲ್ಲಿ ಇದಕ್ಕೊಂದು ಮಾತಿದೆ, ಕೀಳರಿಮೆ. ಕೀಳು ಎಂಬ ಅರಿಮೆ. ಅರಿಮೆ ಅಂದರೆ ಅರಿತುಕೊಂಡದ್ದು, ಕಲಿತದ್ದು. ತಾಯಿಯ ಹೊಟ್ಟೆಯಿಂದ ಯಾರೂ ಇದನ್ನು ತರುವುದಿಲ್ಲ. ಹಾಗಾದರೆ ಈ ಪಾಠ ಹೇಳಿದ ಮಾಸ್ತರ ಯಾರು, ಶಾಲೆ ಯಾವುದು? ತರಬೇತಿಯಲ್ಲಿ ಇದನ್ನು ಯಾರೂ ಕೇಳಲಿಲ್ಲ.

ನಮ್ಮ ಮುತ್ಯಾ ಜೀತಕ್ಕಿದ್ದವನು. ಯುಗಾದಿಯಿಂದ ಯುಗಾದಿಗೆ ಕರಾರು. ಅವನಿಗೆ ಗಡಿಯಾರ ಇರಲಿಲ್ಲ, ಗೌಡನ ಕೆಮ್ಮು ಇತ್ತು. ನಸುಕಿನಲ್ಲಿ ಗೌಡ ಕೆಮ್ಮಿದನೆಂದರೆ ಮುತ್ಯಾನ ದಿನ ಶುರು. ರಾತ್ರಿ ಗೌಡನ ಮನೆಯ ಕಂದೀಲು ಆರಿದರೆ ದಿನ ಮುಗಿಯಿತು. ನಡುವಿನ ಒಂದು ಗಳಿಗೆಯೂ ಅವನದಲ್ಲ. ಹೆಂಡತಿಗೆ ಹೆರಿಗೆ ಬೇನೆ ಬಂದರೂ ಕೇಳಿ ಹೋಗಬೇಕು. ಊರ ಚಾಕರಿಯವರ ಗತಿಯೂ ಅಷ್ಟೇ. ಓಲೆ ಒಯ್ಯುವುದಕ್ಕೆ, ಸತ್ತ ಸುದ್ದಿ ಮುಟ್ಟಿಸುವುದಕ್ಕೆ, ಸಾಹೇಬರು ಬಂದರೆ ಕುದುರೆ ಮುಂದೆ ಓಡುವುದಕ್ಕೆ ಹಗಲು ರಾತ್ರಿ ಎಂಬುದಿರಲಿಲ್ಲ. ಅಂಥವನಿಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಯೋಚಿಸುವ ಅಗತ್ಯವೇ ಬರುವುದಿಲ್ಲ. ಯೋಚಿಸಿದರೆ ಅದೇ ಅಪರಾಧ. 'ಹೇಳಿದಷ್ಟು ಮಾಡು' ಅನ್ನುವುದು ಅವನ ಮೈಯೊಳಗೆ ಇಳಿದ ಮೊದಲ ಕಾಯಿದೆ.

ಜೀತ ಪದ್ಧತಿ ರದ್ದಾಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯಿದೆಯಾಯಿತು. ಸಾಲ ಅಳಿಯಿತು, ಕರಾರು ಹರಿಯಿತು. ಆದರೆ ಕೆಮ್ಮು ಕೇಳಿದ ಕೂಡಲೇ ಎದ್ದು ನಿಲ್ಲುವ ಮೊಣಕಾಲನ್ನು ಕಾಯಿದೆ ಮುಟ್ಟಲಿಲ್ಲ. ಇವತ್ತು ನಮ್ಮ ಸಾಹೇಬರು ಕೋಣೆಯೊಳಗೆ ಕೆಮ್ಮಿದರೆ ಹೊರಗೆ ನನ್ನ ಪೆನ್ನು ನಿಲ್ಲುತ್ತದೆ. ಅವರು ಒಳ್ಳೆಯವರು, ನೆಗಡಿಗೆ ಕೆಮ್ಮಿರುತ್ತಾರೆ. ನನ್ನ ಮೊಣಕಾಲಿಗೆ ಅದು ತಿಳಿಯುವುದಿಲ್ಲ.

ವೇಳೆ ಎಲ್ಲರಿಗೂ ಸಮಾನ ಎಂಬ ಮಾತು ಈ ದೇಶದಲ್ಲಿ ಎಂದೂ ನಿಜವಾಗಿರಲಿಲ್ಲ. ಪೇಶ್ವೆಗಳ ಪುಣೆಯ ಬಗ್ಗೆ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ ದಾಖಲಿಸಿರುವ ಸಂಗತಿಯನ್ನು ನೋಡಿ. ಮಧ್ಯಾಹ್ನ ಮೂರು ಗಂಟೆಯ ಮೇಲೆ, ಬೆಳಿಗ್ಗೆ ಒಂಬತ್ತರ ಒಳಗೆ ಮಹಾರರು ಮತ್ತು ಮಾಂಗರು ಊರ ಬಾಗಿಲೊಳಗೆ ಇರಕೂಡದು. ಯಾಕೆಂದರೆ ಆ ಹೊತ್ತಿನಲ್ಲಿ ನೆರಳು ಉದ್ದ ಬೀಳುತ್ತದೆ, ಮೇಲಿನವರಿಗೆ ತಾಗಿ ಮೈಲಿಗೆಯಾಗುತ್ತದೆ. ನಮ್ಮವರಿಗೆ ಗೊತ್ತುಮಾಡಿದ್ದ ವೇಳಾಪಟ್ಟಿ ಅದು. ಸೂರ್ಯನೂ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದ್ದ. ಪಂಚಾಂಗ ಹಿಡಿದವನು ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆ ಎಂದು ಹಂಚಿದ. ಕರ್ಮದ ಲೆಕ್ಕ ಇಟ್ಟವನು 'ನಿನ್ನ ವೇಳೆ ನೀನು ಹೋದ ಜನ್ಮದಲ್ಲೇ ಖರ್ಚು ಮಾಡಿ ಬಂದೀ' ಎಂದ. ಹಣೆಬರಹ ಅನ್ನುವುದು ಇನ್ನೇನು, ನಾವು ಹುಟ್ಟುವ ಮೊದಲೇ ಬೇರೆಯವರು ಬರೆದಿಟ್ಟ ದಿನಚರಿ ತಾನೆ?

ಬಾಬಾಸಾಹೇಬರು ತಮ್ಮ ಬದುಕಿನ ಕೆಲವು ಕಹಿ ನೆನಪುಗಳನ್ನು ಬರೆದ ಪುಟ್ಟ ಪುಸ್ತಕದ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಹೆಸರಿನಲ್ಲೇ ಕಾಯುವುದು ಇದೆ. 1901ರಲ್ಲಿ, ಹುಡುಗರಾಗಿದ್ದಾಗ, ಅಣ್ಣನ ಜೊತೆ ಕೋರೆಗಾವಿನಲ್ಲಿದ್ದ ತಂದೆಯನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದ ಕತೆ ಅದರಲ್ಲಿದೆ. ಒಳ್ಳೆಯ ಬಟ್ಟೆ ಹಾಕಿದ್ದ ಮಕ್ಕಳನ್ನು ಕಂಡು ಮಾತಾಡಿಸಲು ಬಂದ ಸ್ಟೇಷನ್ ಮಾಸ್ತರ, ಅವರು ಮಹಾರರೆಂದು ಕೇಳುತ್ತಲೇ ದೂರ ಸರಿದ. ಬಂಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ, ಮೇಲೆ ಬಂಡಿಯನ್ನು ಹುಡುಗರೇ ಹೊಡೆಯಬೇಕೆಂಬ ಕರಾರು. ಮೂರು ತಾಸಿನ ದಾರಿ ಎಂದು ಹೇಳಿದ್ದನ್ನು ಮುಟ್ಟುವಾಗ ಮರುದಿನ ಆಗಿತ್ತು. ದಾರಿಯಲ್ಲಿ ಕುಡಿಯಲು ನೀರು ಸಿಗಲಿಲ್ಲ. ಆ ರಾತ್ರಿಯನ್ನು ತರಬೇತುದಾರರು ಯಾವ ಲೆಕ್ಕಕ್ಕೆ ಹಾಕುತ್ತಾರೆ? ಮಕ್ಕಳು ತಡವಾಗಿ ಬಂದರು ಎಂದೇ, ಅಥವಾ ಅವರನ್ನು ತಡೆದರು ಎಂದೇ? ತಡ, ತಡೆ. ನಮ್ಮ ಭಾಷೆಯಲ್ಲಿ ಇವೆರಡು ಎಷ್ಟು ಹತ್ತಿರದ ಮಾತುಗಳು ನೋಡಿ.

ಜಾತಿ ಇಟ್ಟಿಗೆಯ ಗೋಡೆಯಲ್ಲ, ಅದು ಮನಸ್ಸಿನ ಒಂದು ಸ್ಥಿತಿ ಎಂದು 1936ರ 'ಜಾತಿ ವಿನಾಶ'ದಲ್ಲಿ ಹೇಳಿದವರೂ ಅಂಬೇಡ್ಕರರೇ. ಆದ್ದರಿಂದ ಮನಸ್ಸಿನ ಮಾತೆತ್ತಿದರೆ ನಮಗೆ ಸಿಟ್ಟು ಬರಬೇಕಾಗಿಲ್ಲ. ಆದರೆ ಅವರು ಆ ಮಾತನ್ನು ಹೇಳಿದ್ದು ತುಳಿಸಿಕೊಂಡವರಿಗಲ್ಲ, ಜಾತಿಯನ್ನು ಧರ್ಮವೆಂದು ನಂಬಿ ನಡೆಸುವವರಿಗೆ. ಅಷ್ಟು ಹೇಳಿ ಕೈಕಟ್ಟಿ ಕೂರಲೂ ಇಲ್ಲ. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಯಲ್ಲಿದ್ದದ್ದು 1942ರಿಂದ 1946ರವರೆಗೆ. 1946ರ ಕಾರ್ಖಾನೆ ತಿದ್ದುಪಡಿ ಕಾಯಿದೆ ವಾರದ ದುಡಿಮೆಯನ್ನು 54 ತಾಸಿನಿಂದ 48ಕ್ಕೆ ಇಳಿಸಿತು. ಕೂಲಿಯವನಿಗೆ ವಾರಕ್ಕೆ ಆರು ತಾಸು ಮರಳಿ ಸಿಕ್ಕಿದ್ದು ಯಾರೋ ಅವನ ಚೀಟಿಯನ್ನು ಬುಟ್ಟಿಗೆ ಎಸೆದದ್ದರಿಂದ ಅಲ್ಲ.

ಈಗ ಗಾಳಿ ತಿರುಗಿದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕವೇ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ತಾಸಿನ ಮಿತಿಯೊಳಗೆ, ದಿನಕ್ಕೆ ಹನ್ನೆರಡು ತಾಸಿನವರೆಗೂ ದುಡಿಸಲು ದಾರಿ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ತಾಸು ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥರ 90 ತಾಸಿನ ಮಾತು ಹೊರಬಂತು. ಕೆಲವರು ಇದಕ್ಕೆ ಕಾಯಕದ ಹೆಸರನ್ನೂ ಅಂಟಿಸುತ್ತಾರೆ. ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕತೆ ಗೊತ್ತಿಲ್ಲ. ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ನಮಗೆ ಇಷ್ಟು ಬೇಡ, ಅಲ್ಲೇ ಸುರಿದು ಬಾ ಎಂದು ಮರಳಿ ಕಳಿಸಿದ ಹೆಣ್ಣುಮಗಳು ಆಕೆ. ಕಾಯಕಕ್ಕೆ ಸಾಕು ಎಂಬುದೊಂದು ಇತ್ತು.

ಮನಸ್ಥಿತಿಯ ಪಾಠ ಒಬ್ಬೊಬ್ಬ ಮನುಷ್ಯನಿಗೆ ಮಾತ್ರ ಅಲ್ಲ, ಇಡೀ ನಾಡಿಗೂ ಹೇಳುತ್ತಾರೆ. ನಮ್ಮ ಭಾಗಕ್ಕೆ ಹೇಳುವುದು 'ಹಿಂದುಳಿದ' ಎಂದು. ಹಿಂದೆ ಉಳಿದ, ಅಂದರೆ ಹೊತ್ತಿಗೆ ಬಾರದ. 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವು. ಶಾಲೆಯಲ್ಲಿ ಓದುವ ಹುಡುಗ ಈ ಮಾತನ್ನು ಕೇಳಿ ಕೇಳಿ, ತನ್ನ ಊರಿನ ನೀರಿನಲ್ಲೇ ಏನೋ ಐಬಿದೆ ಎಂದು ತಿಳಿಯುತ್ತಾನೆ. 'ನಮ್ ಕಡಿ ಮಂದಿ ಹಿಂಗೇ ಸರ' ಎಂದು ಪುಣೆ, ಮುಂಬಯಿಯ ಗುತ್ತೇದಾರನ ಮುಂದೆ ತಾನೇ ಹೇಳಿಕೊಳ್ಳುತ್ತಾನೆ. ಆದರೆ ಲೆಕ್ಕ ಹಾಕಿ ನೋಡಿ. ನಿಜಾಮನ ಆಳ್ವಿಕೆಯಿಂದ ಬಿಡುಗಡೆ 1948ರ ಸೆಪ್ಟೆಂಬರ್ 17ಕ್ಕೆ, ಮಿಕ್ಕ ದೇಶಕ್ಕಿಂತ 13 ತಿಂಗಳು ತಡ. ಕರ್ನಾಟಕಕ್ಕೆ ಸೇರಿದ್ದು 1956ರಲ್ಲಿ. ನೆರೆಯ ಆಂಧ್ರಕ್ಕೆ 371(ಡಿ) ಕಲಮು 1970ರ ದಶಕದಲ್ಲೇ ಬಂದಿತ್ತು, ನಮಗೆ 371(ಜೆ) ಜಾರಿಗೆ ಬಂದದ್ದು 2013ರಲ್ಲಿ. ಕಮಲಾಪುರದ ಮೇಲೆ ಹಾದು ಹೋಗುವ ಬೀದರ-ಕಲಬುರಗಿ ರೈಲಿಗಾಗಿ ನಮ್ಮವರು ಎಷ್ಟೋ ವರ್ಷ ಕಾದರು. ಅದು ಓಡಿದ್ದು 2017ರ ಅಕ್ಟೋಬರ್ 29ಕ್ಕೆ. ದೆಹಲಿಯವರ, ಬೆಂಗಳೂರಿನವರ ಮನಸ್ಥಿತಿ ತಿದ್ದಲು ಯಾರೂ ಒಂದು ದಿನದ ತರಬೇತಿ ಇಡಲಿಲ್ಲ.

ಕಮಲಾಪುರದ ಕೆಂಪು ಬಾಳೆ ಎಲ್ಲರಿಗೂ ಗೊತ್ತು. ಭೌಗೋಳಿಕ ಗುರುತಿನ ಪಟ್ಟ ಪಡೆದ ಹಣ್ಣು. ಉಳಿದ ಬಾಳೆಗಿಂತ ಗೊನೆ ಬರಲು ಹೆಚ್ಚು ತಿಂಗಳು ಬೇಕು. ಅದಕ್ಕೆ ಯಾರೂ ಸೋಮಾರಿ ಬಾಳೆ ಎನ್ನುವುದಿಲ್ಲ, ಹೆಚ್ಚು ಬೆಲೆ ಕೊಟ್ಟು ಒಯ್ಯುತ್ತಾರೆ. ಆ ತೋಟದಲ್ಲಿ ಗುಂಡಿ ತೋಡುವ ಆಳು ಹತ್ತು ನಿಮಿಷ ಬೀಡಿಗೆ ಕೂತರೆ ಮಾತ್ರ ವೇಳೆಯ ಬೆಲೆ ನೆನಪಾಗುತ್ತದೆ. ಉದ್ಯೋಗ ಖಾತ್ರಿ ಕೆಲಸದಲ್ಲೂ 2023ರ ಜನವರಿಯಿಂದ ದಿನಕ್ಕೆರಡು ಸಲ ಮೊಬೈಲಿನಲ್ಲಿ ಫೋಟೋ ಹಾಜರಿ ಕಡ್ಡಾಯ ಮಾಡಿದ್ದರು. ಫೋಟೋದ ಹೊತ್ತಿಗೆ ಹೊಂಡದೊಳಗಿದ್ದ ಹೆಂಗಸಿನ ದಿನ ಹೋಯಿತೆಂದೇ ಲೆಕ್ಕ. ಕೂಲಿ ಹಣ ವಾರಗಟ್ಟಲೆ ತಡವಾದಾಗ ಯಾರ ಫೋಟೋ ತೆಗೆಯಬೇಕೆಂದು ಆ ಯಂತ್ರಕ್ಕೆ ಗೊತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಸುಖವಾಗಿರುತ್ತಿತ್ತು. ತಪ್ಪೆಲ್ಲ ಅವರದು, ಗೌಡನದು, ಪಂಚಾಂಗದ್ದು, ದೆಹಲಿಯದು. ನಮ್ಮ ಸಭೆಗಳಲ್ಲಿ ನಾನೂ ಇಷ್ಟು ಹೇಳಿ ಕೆಳಗಿಳಿದು ಚಹಾ ಕುಡಿದವನೇ. ಆದರೆ ಒಂದು ಮುಖ ಅಡ್ಡ ಬರುತ್ತದೆ.

ಕಮಲಾಪುರದ ಕಡೆಯ ಒಂದು ಹಳ್ಳಿಯ ಮುದುಕಿ. ನಮ್ಮದೇ ಕೇರಿಯಂಥ ಕೇರಿಯವಳು. ಅವಳ ಪಿಂಚಣಿ ನಿಂತಿತ್ತು. ಹೆಸರಿನ ಒಂದು ಅಕ್ಷರ ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಸೊಸೆಯನ್ನು ಕರೆದುಕೊಂಡು ಬಂದಳು. ನನ್ನನ್ನು ಕಂಡು, ಯಾರೋ ಹೇಳಿದ್ದರೇನೋ, ಅವಳ ಮುಖ ಅರಳಿತು. 'ನೀ ನಮ್ಮಂವ ಇದ್ದಿಯಂತಲ್ಲ ಯಪ್ಪಾ' ಅಂದಳು. ನಾನು ಆ ದಿನವೇ ಮಾಡಬಹುದಿತ್ತು. ಮಾಡಲಿಲ್ಲ. ನಮ್ಮವಳೆಂದು ಜಲ್ದಿ ಮಾಡಿದೆ ಅಂತ ಯಾರಾದರೂ ಅಂದರೆ? ಅಕ್ಷರ ತಿದ್ದಿದ್ದು ಮುಂದೆ ತಪ್ಪೆಂದು ಬಂದರೆ? 'ಇನ್ನೊಂದು ಕಾಗದ ತಗೊಂಡ್ ಬಾ ಆಯಿ' ಎಂದೆ. ತಂದಳು. 'ನಾಡಿದ್ದು ಬಾ' ಎಂದೆ. ಬಂದಳು. ಮೂರನೆಯ ಸಲ ಬಂದಾಗ ಆಯಿತು. ಎರಡನೆಯ ಕಾಗದ ಬೇಕಾಗಿರಲೇ ಇಲ್ಲ, ಅದು ನನ್ನ ಧೈರ್ಯಕ್ಕೆ ಬೇಕಾಗಿತ್ತು.

ಆ ರಾತ್ರಿ ಲೆಕ್ಕ ಹಾಕಿದೆ. ಶಕ್ತಿ ಯೋಜನೆ ಬಂದ 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ದಿನ ಪುಕ್ಕಟೆ ಅಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಸೊಸೆ ಮೂರು ದಿನ ಕೆಲಸ ಬಿಟ್ಟಿದ್ದಳು, 1,047 ರೂಪಾಯಿ. ಮುದುಕಿಗೆ ಬರಬೇಕಾಗಿದ್ದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200. ನನ್ನ ಭಯಕ್ಕೆ ಅವರು ಹತ್ತಿರ ಹತ್ತಿರ ಒಂದು ತಿಂಗಳ ಪಿಂಚಣಿ ತೆತ್ತಿದ್ದರು. ಮುತ್ಯಾನ ವೇಳೆಯನ್ನು ಗೌಡ ತಿಂದ. ಈ ಮುದುಕಿಯ ವೇಳೆಯನ್ನು ತಿಂದವನು ಯಾರು? ನನ್ನ ಭಯವನ್ನು ಕಲಿಸಿದವರು ಬೇರೆಯವರು, ನಿಜ. ಅದರ ಬಿಲ್ಲನ್ನು ನಾನು ಕಳಿಸಿದ್ದು ನನಗಿಂತ ಕೆಳಗೆ ಕೂತವಳಿಗೆ. ಮೇಲಿನ ಮೆಟ್ಟಿಲಿನವನ ಕಾಲು ತನ್ನ ಹೆಗಲ ಮೇಲಿರುವಾಗ ಕೆಳಗಿನವನ ಹೆಗಲ ಮೇಲೆ ತಾನು ಕಾಲಿಡುವುದು, ಈ ಏಣಿಯ ಗುಣವೇ ಅದು. ನಾನು ಏಣಿಯ ಮೇಲೆ ಬೈಗುಳ ಬರೆಯುತ್ತ ನನ್ನ ಕಾಲು ಎಲ್ಲಿದೆ ಎಂದು ನೋಡಿಕೊಂಡಿರಲಿಲ್ಲ.

ಮನಸ್ಸು ಬದಲಾಗಬೇಕು ಎಂಬುದು ಆಗ ನನಗೆ ಬೇರೆ ರೀತಿಯಲ್ಲಿ ಕೇಳಿಸಿತು. ನನ್ನ ಪ್ರಮೋಷನ್ನಿಗಾಗಿ ಬೇಡ, ಆ ಸೊಸೆಯ ಮೂರು ದಿನಕ್ಕಾಗಿ ಬದಲಾಗಬೇಕು. ಒಬ್ಬನೇ ಕನ್ನಡಿಯ ಮುಂದೆ ನಿಂತು 'ನನ್ನಿಂದ ಆಗುತ್ತದೆ' ಎಂದು ಹತ್ತು ಸಲ ಹೇಳಿಕೊಂಡು ನೋಡಿದ್ದೇನೆ. ಕನ್ನಡಿಯೊಳಗಿನವನು ನಂಬಲಿಲ್ಲ.

ನಮ್ಮ ಊರಿನ ಗೀತಾ ನಾಗಭೂಷಣ ನೆನಪಾಗುತ್ತಾರೆ. ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕೂಲಿಯೊಬ್ಬರ ಮಗಳು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಈಗ ಅದು ಬಡಾವಣೆಯ ಹೆಸರು. ಆಕೆ ಕಚೇರಿಯಲ್ಲಿ ನೌಕರಿ ಮಾಡುತ್ತಲೇ ಓದಿದರು, ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುತ್ತ ಬರೆದರು. 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಂಥವರನ್ನು ತೋರಿಸಿ 'ಮನಸ್ಸಿದ್ದರೆ ಮಾರ್ಗ' ಅನ್ನುವವರು ಇದ್ದಾರೆ. ಆ ಮಾತು ಆಕೆಗೂ ಅವಮಾನ, ಬರೆಯಲಾಗದೆ ಹೋದ ನೂರು ಮಿಲ್ ಕೂಲಿಗಳ ಹೆಣ್ಣುಮಕ್ಕಳಿಗೂ ಅವಮಾನ. ನಾನು ಆಕೆಯಿಂದ ಕಲಿತದ್ದು ಬೇರೆ. ತಮ್ಮ ಜನರ ಮಾತನ್ನೇ, ಈ ಕಲಬುರಗಿಯ ಒರಟು ಮಾತನ್ನೇ, ತಿದ್ದದೆ ಬರೆದರು. ತಪ್ಪಾದ್ರ ಏನಂತಾರೋ ಎಂದು ಅದನ್ನು ನಾಲ್ಕು ಸಲ ಶುದ್ಧ ಮಾಡಲು ಕೂತಿದ್ದರೆ ಆ ಕಾದಂಬರಿ ಬರುತ್ತಿರಲಿಲ್ಲ.

ನಾನು ಮಾಡಿದ್ದು ಸಣ್ಣದು. ಕಚೇರಿಯಲ್ಲಿ ನನ್ನಂಥವರು ಇನ್ನಿಬ್ಬರು ಇದ್ದಾರೆ. ಒಬ್ಬಳು ಹೊರಗುತ್ತಿಗೆಯ ಕಂಪ್ಯೂಟರ್ ಹುಡುಗಿ, ಒಬ್ಬರು ನಿವೃತ್ತಿಯ ಹತ್ತಿರ ಬಂದವರು. ಒಂದು ಸಂಜೆ ಆ ಚೀಟಿಯ ಮಾತು ತೆಗೆದೆ. ಹುಡುಗಿ ನಕ್ಕು 'ಅಣ್ಣಾ, ನಾನೂ ಅದೇ ಬರ್ದಿದ್ದೆ' ಅಂದಳು. ಹಿರಿಯರು ಸುಮ್ಮನೆ ಕೂತಿದ್ದವರು, ತಾವು ಮೂವತ್ತು ವರ್ಷದಿಂದ ದಿನಾ ಅರ್ಧ ತಾಸು ಮುಂಚೆ ಬಂದು ಕೂರುವುದು ಯಾಕೆಂದು ಹೇಳಿದರು. ಮೂವರೂ ಒಂದು ಗೊತ್ತುಮಾಡಿಕೊಂಡೆವು. ಒಬ್ಬರ ಕಡತ ಇನ್ನೊಬ್ಬರು ಒಂದು ಸಲ ನೋಡುವುದು, ಒಂದೇ ಸಲ. ಆಮೇಲೆ ಅದು ಮೇಜಿನ ಎಡಗಡೆ ಹೋಗಕೂಡದು. ತಪ್ಪು ಬಂದರೆ ಮೂವರ ತಪ್ಪು. ಬೇರೆಯವರ ಕೆಲಸಕ್ಕೆ ಒಬ್ಬರಿಗೆ 'ಆಗಲ್ರಿ' ಅನ್ನಲು ಬಾಯಿ ಬರದಿದ್ದರೆ ಇನ್ನೊಬ್ಬರು ಅನ್ನುವುದು. ಮೊದಲ ತಿಂಗಳು ಒಂದು ತಪ್ಪು ಬಂತು. ಚಹಾದ ಹತ್ತಿರ ಅದೇ ಮಾತು ಬಂತು. ಆ ಹೊತ್ತು ನಾನು ಒಬ್ಬನೇ ನಿಂತಿರಲಿಲ್ಲ.

ರಾಶಿ ಕರಗಿದೆ ಎಂದು ಹೇಳಿದರೆ ಸುಳ್ಳಾದೀತು. ಅರ್ಧ ಆಗಿದೆ. ಸಾಹೇಬರು ಕೆಮ್ಮಿದರೆ ಪೆನ್ನು ಈಗಲೂ ನಿಲ್ಲುತ್ತದೆ.

ಮೊನ್ನೆ ಆ ಮುದುಕಿ ಮತ್ತೆ ಬಂದಿದ್ದಳು. ಈ ಸಲ ತನ್ನದಲ್ಲ, ಓಣಿಯ ಇನ್ನೊಬ್ಬ ಹೆಂಗಸಿನ ಕಾಗದ ಹಿಡಿದು, ಅವಳನ್ನೂ ಕರೆದುಕೊಂಡು. ಅಂಥದೇ ಒಂದು ಅಕ್ಷರದ ತಕರಾರು. ನೋಡಿದೆ, ಬರೆದೆ, ಕಂಪ್ಯೂಟರ್ ಹುಡುಗಿಗೆ ತೋರಿಸಿದೆ, ಒಳಗೆ ಕಳಿಸಿದೆ. ಕಾಲು ತಾಸು ಹಿಡಿದಿರಬಹುದು. 'ಆಯಿತು, ಹೋಗಿ ಬರ್ರಿ' ಎಂದೆ. ಜೊತೆಗಿದ್ದವಳು ಕೈಮುಗಿದಳು. ಮುದುಕಿ ಮುಗಿಯಲಿಲ್ಲ. ನನ್ನನ್ನೇ ನೋಡುತ್ತ ನಿಂತು ಕೇಳಿದಳು:

'ಇಷ್ಟ್ ಜಲ್ದಿ ಆಗೋದಿತ್ತಂದ್ರ, ನನಗ್ಯಾಕ ಮೂರ್ ಸಲ ತಿರುಗಿಸ್ದಿ ಯಪ್ಪಾ?'